ಬೇಡ ಅನ್ನಲು ಬಟನ್ ಇಲ್ಲ

ಏಪ್ರಿಲ್ 6, ಸೋಮವಾರ
ಮತ್ತೆ ಮೀಟಿಂಗ್. ಮೂಡುಬಿದಿರೆಯ ನಮ್ಮ ಆಫೀಸಿನಲ್ಲಿ ಕೆಲಸಕ್ಕಿಂತ ಮೀಟಿಂಗೇ ಜಾಸ್ತಿ. ನಾವು ಮಾಡುವುದು ‘ಬನ್ನಿ’ ಅಂತ ಒಂದು ಆ್ಯಪ್ — ಮದುವೆ ಕಾಗದ ಕಳಿಸಲಿಕ್ಕೆ. ಡಿಸೈನ್ ನನ್ನದು. ಬುದ್ಧಿ ಬಾಸ್ ಅಂಕಿತ್‌ನದು. ಇವತ್ತಿನ ಬುದ್ಧಿ: ‘ಬರುವುದಿಲ್ಲ’ ಬಟನ್ ತೆಗೆಯಬೇಕಂತೆ.

“ಇನ್ವೆಸ್ಟರ್‌ಗೆ ನೆಗೆಟಿವ್ ಕಾಣಬಾರದು ಶರಣ್ಯಾ. ಕಾಗದ ತೆರೆದು ನೋಡಿದರೆ ಸಾಕು, ಬರ್ತಾರೆ ಅಂತಲೇ ಲೆಕ್ಕ.”

“ಸರ್, ಚಿನ್ನದ ಅಂಗಡಿಯ ಜಾಹೀರಾತು ನಾನು ದಿನಾ ನೋಡ್ತೇನೆ. ಕೊಂಡ ಹಾಗೆ ಆಯ್ತಾ?”

ಅವನು ನಗಲಿಲ್ಲ. ನಾನು ಬಟನ್ ತೆಗೆದೆ. ಸಂಬಳ ಕೊಡುವವನು ಅವನಲ್ಲವಾ.

ಏಪ್ರಿಲ್ 9
ತಂಗಿ ತ್ರಿಶಾಳ ಮದುವೆಗೆ ಅಮ್ಮ ನಮ್ಮದೇ ಆ್ಯಪ್‌ನಲ್ಲಿ ಕಾಗದ ಕಳಿಸಿಬಿಟ್ಟಳು. ಬೇಡ ಅಂದೆ. “ಮಗಳು ಮಾಡಿದ್ದನ್ನು ನಾವೇ ಬಳಸದಿದ್ದರೆ ಹೇಗೆ?” ಅಂದಳು. ಸಂಜೆಯೊಳಗೆ ಎಲ್ಲರ ಹೆಸರಿನ ಮುಂದೆ ಹಸಿರು — ‘ಖಂಡಿತ ಬರುತ್ತಾರೆ’.

ಅಳದಂಗಡಿಯ ಸುಕುಮಾರ ಮಾವನದ್ದೂ ಹಸಿರು. ಅಮ್ಮನ ಅಣ್ಣ. ಮದುಮಗಳ ಕೈ ಹಿಡಿದು ಮಂಟಪಕ್ಕೆ ತರಬೇಕಾದವರು. “ಅಣ್ಣ ಒಪ್ಪಿದರು. ಇನ್ನು ಹೋಗಿ ಹೇಳುವ ಕಷ್ಟ ಇಲ್ಲ” ಅಂತ ಅಮ್ಮ ಹಾಯಾಗಿ ಕೂತಳು. ನನಗೆ ನಂಬಿಕೆ ಬರಲಿಲ್ಲ. ಮನೆಗೆ ಬಂದು ಕರೆಯದಿದ್ದರೆ ಮಾವ ಪಕ್ಕದ ಮನೆಯ ಊಟಕ್ಕೂ ಹೋಗುವವರಲ್ಲ.

ಏಪ್ರಿಲ್ 17
ಹೆದರಿದ್ದೇ ಆಯಿತು. ತಡೆಯಲಾರದೆ ಮಾವನಿಗೆ ಫೋನ್ ಮಾಡಿದೆ.

“ಮೊಬೈಲಿನಲ್ಲಿ ಕರೆಯುವುದಾ ನನ್ನನ್ನು? ಬರುವುದಿಲ್ಲ ಅಂತ ಒತ್ತುವ ಅಂದರೆ ಅದೂ ಇಲ್ಲ. ಯಾರು ಮಾರಾಯ್ತಿ ಇದನ್ನು ಮಾಡಿದ್ದು?”

“ಕಂಪೆನಿಯವರು ಮಾವ...”

ಅಮ್ಮನಿಗೆ ಹೇಳಿದೆ. ಅತ್ತಳು. ತ್ರಿಶಾ ನನ್ನ ಮುಖ ನೋಡುತ್ತಿಲ್ಲ. ಮಾವ ಬಾರದಿದ್ದರೆ ಮಂಟಪಕ್ಕೆ ಕಾಲಿಡುವುದಿಲ್ಲವಂತೆ. ನನಗೆ ನಾಚಿಕೆ, ಸಿಟ್ಟು, ಎರಡೂ.

ಏಪ್ರಿಲ್ 19, ಭಾನುವಾರ
ಅಮ್ಮ, ನಾನು ಅಂಕಿತ್‌ನನ್ನು ಎಳೆದುಕೊಂಡೇ ಮಾವನ ಮನೆಗೆ ಹೋದೆವು, ಅವನದೇ ಕಾರಿನಲ್ಲಿ. ಅಮ್ಮ ಹರಿವಾಣದಲ್ಲಿ ಕಾಗದ, ವೀಳ್ಯ, ಅಡಿಕೆ ಇಟ್ಟು ಮುಂದೆ ಹಿಡಿದಳು. ಮಾವ ಮುಟ್ಟಲಿಲ್ಲ.

“ಮೊದಲು ನಾನು ಬರುವುದಿಲ್ಲ ಅನ್ನಬೇಕು. ಮತ್ತೆ ನೀವು ಒತ್ತಾಯ ಮಾಡಬೇಕು. ಬೇಡ ಅನ್ನಲಿಕ್ಕೇ ಜಾಗ ಇಲ್ಲದಿದ್ದರೆ ಬರ್ತೇನೆ ಅಂದದ್ದಕ್ಕೆ ಏನು ಬೆಲೆ ಉಂಟು?”

ಅಂಕಿತ್ ಜಗಲಿಯಲ್ಲೇ ಲ್ಯಾಪ್‌ಟಾಪ್ ಬಿಚ್ಚಿದ. ‘ಬರುವುದಿಲ್ಲ’ ಬಟನ್ ವಾಪಸ್ ಹಾಕಿದ. ಮಾವ ಕನ್ನಡಕ ಏರಿಸಿ ಹೆಬ್ಬೆರಳಿನಲ್ಲಿ ಒತ್ತಿದರು. ಹಸಿರು ಹೋಗಿ ಕೆಂಪಾಯಿತು. ಮಾವನ ಮುಖ ಅರಳಿತು.

“ಹಾಗೆ ಹೇಳಿದರೆ ಹೇಗಣ್ಣ? ನೀವು ಬಾರದೆ ಮದುವೆ ಉಂಟಾ?” ಅಮ್ಮ ಹರಿವಾಣವನ್ನು ಮತ್ತೆ ಮುಂದೆ ಹಿಡಿದಳು. ಇನ್ನೂ ಒಂದೆರಡು ಸಲ ಬೇಡ ಅಂದು, ಮಾವ ವೀಳ್ಯ ತೆಗೆದುಕೊಂಡರು. ನನಗೆ ಅಳುವೇ ಬಂತು.

ಏಪ್ರಿಲ್ 20
ಬೆಳಿಗ್ಗೆ ನೋಡಿದರೆ ಎಲ್ಲ ಕೆಂಪು! ಹೊಸ ಬಟನ್ ಎಲ್ಲರ ಫೋನಿಗೂ ಹೋಗಿದೆ. ಕನ್ಯಾನದ ಚಿಕ್ಕಮ್ಮ, ಬಿ.ಸಿ.ರೋಡಿನ ವಕೀಲರು, ಕೊನೆಗೆ ಎದುರುಮನೆಯ ವಸಂತಿ ಅಕ್ಕ ಕೂಡ — ಬರುವುದಿಲ್ಲ. ಎದುರುಮನೆಗೆ ಓಡಿಹೋಗಿ ಕೇಳಿದೆ.

“ಬರಲಿಕ್ಕೆ ಉಂಟು ಮಾರಾಯ್ತಿ. ಆದರೆ ಅಮ್ಮ ಒಮ್ಮೆ ಬಂದು ಕರೆಯಲಿ.”

ಅಂಕಿತ್ ಖುಷಿಯಲ್ಲಿ ಫೋನ್ ಮಾಡಿದ. ಜನ ಆ್ಯಪನ್ನು ಇಷ್ಟು ಒತ್ತಿದ್ದು ಇದೇ ಮೊದಲಂತೆ. ಇನ್ವೆಸ್ಟರ್ ಹೊಗಳಿದನಂತೆ. “ಕಾರು ತನ್ನಿ ಸರ್” ಅಂದೆ.

ಬಂದ. ಹಾರ್ನ್ ಹೊಡೆಯುತ್ತಿದ್ದಾನೆ. ಅಮ್ಮ ರೇಷ್ಮೆ ಸೀರೆ ಉಟ್ಟು ಹಿಂದಿನ ಸೀಟಿನಲ್ಲಿ ಕೂತಾಗಿದೆ. ಮೊದಲು ಎದುರುಮನೆಗಂತೆ. ಅಲ್ಲಿಗೂ ಕಾರಿನಲ್ಲೇ ಹೋಗಬೇಕಂತೆ. ನಡೆದುಕೊಂಡು ಹೋದರೆ ವಸಂತಿ ಅಕ್ಕ ಮತ್ತೆ ಕೆಂಪು—