ಸುಟ್ಟ ಡೋಲುಗಳ ಸ್ನಾನ

ಸಾಲ್ವಡಾರ್, ಬಹಿಯಾ
೧೮ ಆಗಸ್ಟ್ ೨೦೧೯

ಪ್ರೀತಿಯ ಮಗ ಜೆನಿಲ್ಸನ್,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ನಿನ್ನ ಕಾಗದ ಬಂದು ಬಹಳ ಕಾಲವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಕೈ ಓಡಲಿಲ್ಲ. ಬೇಸರಿಸಬೇಡ.

ಮೊದಲು ನಿನ್ನ ಅಕ್ಕನ ಸುದ್ದಿ. ಅಜ್ಜಿಯ ದೇವರಮನೆಗೆ ಯಾರೋ ಬೆಂಕಿ ಹಾಕಿದ ಮೇಲೆ, ಬೂದಿಯಲ್ಲಿ ಉಳಿದಿದ್ದ ಡೋಲು, ಬಾಗಿಲು, ಮಣೆಗಳನ್ನು ಜುರೇಮಾ ಆರಿಸಿಟ್ಟಿದ್ದಳಲ್ಲ? ಅವನ್ನು ಪೇಟೆಯ ಗ್ಯಾಲರಿಯಲ್ಲಿ ಬಿಳಿ ಮರಳಿನ ಮೇಲೆ ಜೋಡಿಸಿ, ಜನರ ಮುಂದೆ ಸಮುದ್ರದ ನೀರಿನಲ್ಲಿ ತೊಳೆಯುತ್ತೇನೆಂದು ಹೊರಟಳು. ಅದೇ ಅವಳ ಕಲಾಕೃತಿಯಂತೆ. ಅಜ್ಜಿ ಕೆಂಡವಾದಳು.

"ದೇವ್ರ ಹೆಣಾನ ಮೆರವಣಿಗೆ ಮಾಡ್ತೀಯೇನೇ?"

"ಹೆಣ ಅಂತ ಯಾರಂದ್ರು ಅಜ್ಜಿ? ಸ್ನಾನ ಮಾಡಿಸ್ತೀನಿ ಅಷ್ಟೆ."

ಅಜ್ಜಿ ದೇವರಿಗೆ ಸೇರಿದ ಕಲ್ಲು, ಮಡಕೆಗಳನ್ನು ತಾನೇ ಎದೆಗವಚಿ ಒಯ್ದು ಸಮುದ್ರಕ್ಕೆ ಬಿಟ್ಟು ಬಂದಳು. ಮರದ ಸಾಮಾನನ್ನು ಮಾತ್ರ ಮೊಮ್ಮಗಳಿಗೆ ಕೊಟ್ಟಳು.

ಹಿಂದಿನ ವಾರ ಶನಿವಾರ ಮಧ್ಯಾಹ್ನ ನಾನೂ ಅಜ್ಜಿಯೂ ಹೋಗಿದ್ದೆವು. ಜುರೇಮಾ ಬಿಳಿ ಲಂಗ ಉಟ್ಟು, ಮೊಣಕಾಲೂರಿ ಒಂದೊಂದನ್ನೇ ಉಜ್ಜುತ್ತಿದ್ದಳು. ಕಪ್ಪು ನೀರು ಅವಳ ಮಡಿಲಿಗೇ ಇಳಿಯುತ್ತಿತ್ತು. ಕನ್ನಡಕದವನೊಬ್ಬ ಅಜ್ಜಿಯ ಕಡೆ ಬಾಗಿ, "ಎಷ್ಟು ಚೆನ್ನಾಗಿ ಸುಟ್ಟಿದ್ದೀರಮ್ಮ, ನಿಜದ್ದೇ ಅನ್ಸುತ್ತೆ" ಎಂದ.

"ನಾವ್ ಸುಡ್ಲಿಲ್ಲಪ್ಪ," ಎಂದಳು ಅಜ್ಜಿ. "ಸುಟ್ಟು ಕೊಟ್ರು."

ನಿನ್ನ ತಾತ ಬಾರಿಸುತ್ತಿದ್ದ ದೊಡ್ಡ ಡೋಲನ್ನು ಜುರೇಮಾ ಎತ್ತಿಕೊಂಡಳು. ಚರ್ಮವಿಲ್ಲ, ಬರೀ ಟೊಳ್ಳು. ಅಷ್ಟರಲ್ಲಿ ಅಜ್ಜಿ ಎದ್ದು ನಿಂತು ಹಾಡತೊಡಗಿದಳು. ಸತ್ತವರನ್ನು ಕಳಿಸಿಕೊಡುವ ನಮ್ಮ ಹಾಡು, ಮಗನೇ. ಜುರೇಮಾಳ ಕೈ ನಿಂತುಹೋಯಿತು. ಇದು ಅವರು ಮಾತಾಡಿಕೊಂಡದ್ದಲ್ಲ. ಡೋಲನ್ನು ಮಗುವಿನಂತೆ ತಬ್ಬಿಕೊಂಡು ಎಲ್ಲರೆದುರು ಗೊಳೋ ಎಂದು ಅತ್ತಳು. ಹಾಡು ಮುಗಿಯಿತು. ಜನ ಚಪ್ಪಾಳೆ ತಟ್ಟಿದರು.

"ನಡಿಯೇ ನಿಲ್ಜೆಚಿ, ಇವ್ರಿಗೆ ಹೇಳಿ ಪ್ರಯೋಜನ ಇಲ್ಲ," ಎಂದು ಅಜ್ಜಿ ನನ್ನ ತೋಳಿಗೆ ತೋಳು ಸೇರಿಸಿ ಹೊರಟಳು. ಪತ್ರಿಕೆಯವರು ಜುರೇಮಾಳನ್ನು ಹೊಗಳಿ ಬರೆದಿದ್ದಾರೆ. ಅವಳು ಓದಿಲ್ಲ. ಕಲೆ ಹಿಡಿದ ಲಂಗವನ್ನು ಒಗೆಯಲೂ ಬಿಡುತ್ತಿಲ್ಲ.

ನೀನು ಸೇರಿದ ಚರ್ಚಿನ ಪಾಸ್ಟರಿಗೆ ನಮ್ಮ ಸಮುದ್ರತಾಯಿ ಯೆಮಾಂಜಾ ಪಿಶಾಚಿ ಇರಬಹುದು. ನೀನು ಬೇಡವೆಂದರೂ ಅವಳು ನಿನ್ನನ್ನು ಕಾಯಲಿ. ಮೈ ಚೆನ್ನಾಗಿ ನೋಡಿಕೋ.

ನಿನ್ನ ಅಮ್ಮ,
ನಿಲ್ಜೆಚಿ

ಮರೆತ ಮಾತಲ್ಲ, ಮೇಲೆ ಬರೆಯಲಾಗಲಿಲ್ಲ: ಬೆಂಕಿ ಬಿದ್ದ ದಿನ ಯಾರನ್ನೂ ನೋಡಲಿಲ್ಲವೆಂದು ಅಜ್ಜಿ ಪೊಲೀಸರಿಗೆ ಹೇಳಿದ್ದಳಲ್ಲ, ಅದು ಸುಳ್ಳು. ಗ್ಯಾಲರಿಯಿಂದ ಬರುವಾಗ ಬಸ್ಸಿನಲ್ಲಿ ನನ್ನ ಕಿವಿಯಲ್ಲಿ ಹೇಳಿದಳು: "ಸೀಮೆಎಣ್ಣೆ ಡಬ್ಬ ಹಿಡ್ದಿದ್ದು ನಮ್ ಹುಡ್ಗ, ನಿನ್ ಮಗಾನೇ ಕಣೇ. ನನ್ನ ನೋಡ್ದ, ಒಂದ್ ಗಳಿಗೆ ನಿಂತ. ಆಮೇಲೆ ಸುರಿದ." ಜುರೇಮಾಗೆ ಗೊತ್ತಿಲ್ಲ. ಆದರೂ ನಿನ್ನನ್ನು ಮನೆಗೆ ಕರೆಸೆಂದು, ಹುಡುಗ ಸೊರಗಿರುತ್ತಾನೆಂದು ಅಜ್ಜಿ ದಿನಾ ಪೀಡಿಸುತ್ತಾಳೆ. ಆದರೆ ಬೆಂಕಿಗೆ ಕೈ ಹಾಕಿ ಸುಟ್ಟುಕೊಂಡ ಅವಳ ಬೆರಳು ಇನ್ನೂ ಮಡಚುವುದಿಲ್ಲ. ಅವಳ ಬಾಯಿಗೆ ತುತ್ತಿಡುವವಳು ನಾನು. ನೀನು ಬರಬೇಡ, ಮಗನೇ.