ಮರಿ ಸೇರಿಸುವ ಹೊತ್ತು

ಕುದಾಪುರ ಕ್ಯಾಂಪಸ್
ಭಾನುವಾರ, 14 ಜುಲೈ 2024

ಪ್ರೀತಿಯ ಅವ್ವನಿಗೆ,

ತಮ್ಮ ರಾಮಾಂಜನೇಯ ಹೊರಗೆ ಹಾಲ್‌ನಲ್ಲಿ ಚಹಾ ಕುಡಿಯುತ್ತ ಕೂತಿದ್ದಾನೆ. ದುರುಗಕ್ಕ ಚಿಕ್ಕಮ್ಮನೂ ಬಂದಿದ್ದಾಳೆ. ಮಗುವನ್ನು ಕರೆದುಕೊಂಡೇ ರಾಂಪುರಕ್ಕೆ ವಾಪಸ್ ಬರಬೇಕೆಂದು ತಮ್ಮನಿಗೆ ತಾಕೀತು ಮಾಡಿದ್ದೀಯಂತೆ. ಫೋನಿನಲ್ಲಿ ನೀನು ಅತ್ತರೆ ನನಗೆ ಮಾತು ಹೊರಡುವುದಿಲ್ಲ, ಅದಕ್ಕೇ ಈ ಕಾಗದ. ನೀನು ಅಕ್ಷರ ಕೂಡಿಸಿಕೊಂಡು ಓದುವವಳು, ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ.

ಸ್ವಪ್ನ ಹೆರಿಗೆಯಲ್ಲಿ ತೀರಿಕೊಂಡ ದಿನ ಆಸ್ಪತ್ರೆಯಲ್ಲಿ ಅವಳ ಮಗುವನ್ನು ಕೈಗೆ ತೆಗೆದುಕೊಂಡವಳು ನಾನು. ಮದುವೆಯಾಗದ ಅಕ್ಕ, ಸಂಬಳವಿದೆ, ಕ್ವಾರ್ಟರ್ಸ್ ಇದೆ, ತಂಗಿಯ ಮಗು ಅಲ್ಲೇ ಬೆಳೆಯಲಿ ಎಂದು ನೀವೆಲ್ಲ ಒಪ್ಪಿದಿರಿ. ಅವಳ ಗಂಡ ಮಾರುತೇಶನೂ ಒಪ್ಪಿದ. ಎರಡು ತಿಂಗಳಾಯಿತು. ಈಗ ತಮ್ಮನ ಹೆಂಡತಿ ರೇಣುಕಳ ಮಗು ಹುಟ್ಟಿದ ಮರುದಿನವೇ ತೀರಿಹೋಯಿತು. ಅಲ್ಲಿ ನಿನ್ನ ಸೊಸೆಯ ಎದೆಯಲ್ಲಿ ಹಾಲು ಕಟ್ಟಿಕೊಂಡಿದೆ, ಇಲ್ಲಿ ಈ ಮಗು ಡಬ್ಬಿ ಹಾಲು ಕುಡಿದು ಕಕ್ಕುತ್ತಿದೆ. ನಿನ್ನೆ ನೀನು ಅಂದೆ: "ಸತ್ತ ಮರೀ ಚರ್ಮನ ತಬ್ಬಲಿ ಮರಿ ಮೈಗೆ ಕಟ್ಟಿ ನಿಮ್ಮಪ್ಪ ಅದನ್ನ ಮರಿ ಸತ್ತ ಕುರಿಗೆ ಸೇರಿಸ್ತಿರಲಿಲ್ವೇನೆ? ಅದನ್ನೇ ಓದಿ ಡಾಕ್ಟರ್ ಆದೋಳು ನೀನು. ನಿಂಗೆ ನಾನು ಹೇಳಿಕೊಡಬೇಕಾ?"

ಹೇಳಿಕೊಡಬೇಕಿಲ್ಲ, ಅವ್ವ. ಉಳ್ಳಾರ್ತಿ ಕಾವಲಿನಲ್ಲಿ ಅಪ್ಪ ಆ ಚರ್ಮ ಕಟ್ಟುವಾಗ ಮರಿಯ ಕಾಲು ಹಿಡಿದುಕೊಳ್ಳುತ್ತಿದ್ದವಳು ನಾನೇ. ಕುರಿ ಮೂಸಿ ನೋಡಿ, ತನ್ನದೇ ಎಂದು ನಂಬಿ ಮೊಲೆ ಕೊಡುತ್ತಿತ್ತು. ಅದು ಹೇಗೆ ನಂಬುತ್ತದೆ ಎಂದು ಕೇಳಿದರೆ ಅಪ್ಪ ಕುರಿಯ ಕಡೆ ಕೈ ತೋರಿಸಿ "ನನ್ನೇನು ಕೇಳ್ತೀಯ, ಅದನ್ನ ಕೇಳು" ಅನ್ನುತ್ತಿದ್ದ. ಅದನ್ನೇ ಕೇಳುತ್ತ ಪಶುವೈದ್ಯ ಓದಿದೆ, ಕುರಿಯ ಮಿದುಳಿನ ಮೇಲೆ ಪಿಎಚ್.ಡಿ. ಮಾಡಿದೆ, ಇವತ್ತಿಗೂ ಅದೇ ಕೆಲಸ. "ನಾವು ಕುರಿ ಮಾರಿ ಹೊಲಕ್ಕಿಳಿದ್ವಿ, ನೀನೊಬ್ಬಳು ಇಂಗ್ಲಿಷಲ್ಲಿ ಕುರಿ ಕಾಯ್ತಾ ಇದ್ದೀಯ ಕಣಕ್ಕ" ಎಂದು ರಾಮಾಂಜನೇಯ ಈಗಷ್ಟೇ ಅಂದ. ನಗಿಸಲು ನೋಡಿದ, ಪಾಪ.

ಈದ ಮೇಲೆ ಕೆಲವೇ ಗಂಟೆ ತಾಯಿಕುರಿಯ ಮಿದುಳು ಮರಿಯ ವಾಸನೆಯನ್ನು ಕಲಿಯಲು ಸಿದ್ಧವಾಗಿರುತ್ತದೆ. ಆ ಹೊತ್ತು ಮೀರಿತೆಂದರೆ ಸ್ವಂತ ಮರಿಯನ್ನೂ ಹಾಯುತ್ತದೆ. ಇದನ್ನು ಅಳೆಯಲೆಂದು ಈದ ಕೂಡಲೇ ಮರಿಗಳನ್ನು ಬೇರೆ ಕೊಟ್ಟಿಗೆಗೆ ಒಯ್ಯುತ್ತಿದ್ದೆ. ಕುರಿ ಎಷ್ಟು ಸಲ ಅರಚಿತು ಎಂದು ಬರೆದುಕೊಳ್ಳುವುದೂ ಪ್ರಯೋಗದ ಭಾಗ. ಆ ಕೋಷ್ಟಕವನ್ನು ಪರೀಕ್ಷಕರು ಮೆಚ್ಚಿಕೊಂಡಿದ್ದರು.

ಅದೇ ಪ್ರಬಂಧದಲ್ಲಿ ಇನ್ನೊಂದು ಮಾತೂ ಇದೆ. ಈಯದ ಕುರಿ ಮರಿಯನ್ನು ಹತ್ತಿರ ಸೇರಿಸುವುದಿಲ್ಲ. ನಿನಗೆ ಅದು ನನಗಿಂತ ಮೊದಲೇ ಗೊತ್ತು. ಆದರೂ ನೀನು ನನಗೆ ಹಾಗೆ ಬಾಯಿಬಿಟ್ಟು ಅನ್ನಲಿಲ್ಲ.

ಹೆಂಗಸು ಕುರಿಯಲ್ಲ ಎಂದು ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಹೇಳುತ್ತೇನೆ. ಆದರೆ ಕುಡಿಯುವ ಬಾಯಿ ಇಲ್ಲದಿದ್ದರೆ ರೇಣುಕಳ ಹಾಲೂ ಬತ್ತುತ್ತದೆ. ಆಮೇಲೆ ನಾನು ಮನಸ್ಸು ಮಾಡಿ ಪ್ರಯೋಜನವಿಲ್ಲ. ಮಗುವಿನ ತೂಕ ಏರಿಲ್ಲ, ಎದೆಹಾಲು ಸಿಗುವುದಾದರೆ ಬಿಡಬೇಡಿ ಎಂದು ಚಳ್ಳಕೆರೆಯ ಮಕ್ಕಳ ಡಾಕ್ಟರೂ ಹೇಳಿದ್ದಾರೆ.

ಕಳಿಸುತ್ತಿದ್ದೇನೆ, ಅವ್ವ.

ನಾನು ಜೊತೆಗೆ ಬರುವುದಿಲ್ಲ. ಇವತ್ತೂ ಲ್ಯಾಬಿನಲ್ಲಿ ಕೆಲಸವಿದೆ ಎಂದು ರಾಮಾಂಜನೇಯನಿಗೆ ಹೇಳಿದೆ. ಅವನು ನಂಬಲಿಲ್ಲ. ನಾನು ಬಂದರೆ ಮಗು ನನ್ನ ದನಿ ಬಂದ ಕಡೆ ತಿರುಗುತ್ತದೆ. ಅದು ರೇಣುಕಳ ಕಣ್ಣಿಗೆ ಬೀಳುವುದು ಬೇಡ.

ಅವಳಿಗೆ ಒತ್ತಾಯ ಮಾಡಬೇಡ. ಮೊದಲ ದಿನ ಮುಖ ತಿರುಗಿಸಿದರೆ ಬೈಯಬೇಡ. ಅವಳ ಮಗುವಿನ ಅಂಗಿಯನ್ನು ಇದಕ್ಕೆ ತೊಡಿಸುತ್ತೇನೆ ಅಂದೆಯಲ್ಲ, ಅದಂತೂ ಬೇಡವೇ ಬೇಡ. ಇದು ಬೇರೆ ಮಗು ಎಂದು ತಿಳಿದೇ ಅವಳು ಎತ್ತಿಕೊಳ್ಳಲಿ. ಸ್ನಾನವಾದ ಮೇಲೆ ಸೀನುತ್ತದೆ, ನೆಗಡಿಯಲ್ಲ, ಹೆದರಬೇಡಿ. ತೇಗು ಬರುವುದು ತಡವಾಗುತ್ತದೆ, ಬೆನ್ನು ನೀವುತ್ತಿರಬೇಕು. ಹೆಸರು ನಾನು ಇಟ್ಟಿಲ್ಲ. ರೇಣುಕಳೇ ಇಡಲಿ.

ನಿನ್ನ ಮಗಳು,
ಮಾಲತಿ

ಮತ್ತೊಂದು ಮಾತು: ಇದನ್ನು ನೀನೊಬ್ಬಳೇ ಓದು, ರಾಮಾಂಜನೇಯನ ಕೈಲಿ ಓದಿಸಬೇಡ. ಹಾಲು ನಿಲ್ಲಲು ಎದೆಗೆ ಮಲ್ಲಿಗೆ ಹೂ ಕಟ್ಟುತ್ತಾರಲ್ಲ, ಎಷ್ಟು ದಿನ ಕಟ್ಟಬೇಕು? ರೇಣುಕಳಿಗಲ್ಲ, ನನಗೆ. ಡಾಕ್ಟರನ್ನು ಕೇಳಿ ಹಾಲು ಬರಲೆಂದು ಮಾತ್ರೆ ನುಂಗುತ್ತ, ಬರೀ ಎದೆಯನ್ನೇ ಮಗುವಿಗೆ ಚೀಪಿಸುತ್ತಿದ್ದೆ. ಕಳೆದ ವಾರದಿಂದ ಹಾಲು ಬರುತ್ತಿದೆ, ಅದರ ಹೊಟ್ಟೆ ತುಂಬುವಷ್ಟಿಲ್ಲ. ಈಗ ಹಾಲ್‌ನಲ್ಲಿ ಚಿಕ್ಕಮ್ಮನ ಕೈಯಲ್ಲಿ ಅದು ಅತ್ತಿದ್ದು ಕೇಳಿ ಎದೆಯ ಮೇಲೆ ಬಟ್ಟೆಯೆಲ್ಲ ಒದ್ದೆಯಾಗಿದೆ. ರಾಮಾಂಜನೇಯ ಬಾಗಿಲು ತಟ್ಟುತ್ತಿದ್ದಾನೆ. ಬಟ್ಟೆ ಬದಲಾಯಿಸಿಕೊಂಡು ಹೋಗಬೇಕು, ಅವನು ನೋಡಿದರೆ ಮಗುವನ್ನು ಇಲ್ಲೇ ಬಿಟ್ಟು ಹೋಗುತ್ತಾನೆ.