ಬೆನ್ನು ಹಾಕಿದ ಮರಿ

ಅಮ್ಮಾ,

ನೀನು ಅರ್ಧಕ್ಕೇ ಬಿಟ್ಟುಹೋದ ಹೊದಿಕೆಯಲ್ಲಿ, ನಿನ್ನ ತಾಯಿಹಕ್ಕಿಯ ಎದುರು ಇಂದು ಮರಿಯನ್ನು ಅಂಟಿಸಿದೆ. ನಿನ್ನ ಹಳದಿ ಅಂಗಿಯಲ್ಲಿ ಉಳಿದಿದ್ದ ಕೊನೆಯ ತುಂಡು ಅದು. ಆಮೇಲೆ ಅಂಚು ಹೊಲಿಯುವಾಗ ಸೂಜಿ ಸಲೀಸಾಗಿ ಇಳಿಯಲೆಂದು, ಇಸ್ತ್ರಿಯ ಬಿಸಿಗೆ ಬಟ್ಟೆಗೆ ಅಂಟುವ, ಒಂದು ಬದಿಗೆ ಕಾಗದವಿರುವ ತೆಳ್ಳನೆಯ ಅಂಟುಹಾಳೆಯನ್ನೇ ಆರಿಸಿದ್ದೆ. ಅದರ ಕಾಗದದ ಮೇಲೆ ಮರಿಯನ್ನು ಬರೆದು, ಬಟ್ಟೆಯ ಹಿಂಬದಿಗೆ ಇಸ್ತ್ರಿ ಮಾಡಿ, ಕತ್ತರಿಸಿ, ಕಾಗದ ಸುಲಿದು, ಹೊದಿಕೆಯ ಮೇಲಿಟ್ಟು ಇಸ್ತ್ರಿಯಿಂದ ಒತ್ತಿದೆ. ನೋಡಿದರೆ ಮರಿ ತಾಯಿಗೆ ಬೆನ್ನು ಹಾಕಿ ನಿಂತಿದೆ!

"ಕಾಗದದ ಮೇಲೆ ಎಡ-ಬಲ ಉಲ್ಟಾ ಬರೀಬೇಕು ಅಂತ ಅಮ್ಮ ಬಾಯಿ ಬಡ್ಕೋತಿದ್ಲಲ್ಲೇ!" ಎಂದಳು ಅಕ್ಕ.

ಮತ್ತೆ ಇಸ್ತ್ರಿಯಿಟ್ಟು ಎಬ್ಬಿಸಹೋದೆ, ರೆಕ್ಕೆಯ ಬಟ್ಟೆ ಎಳೆ ಬಿಟ್ಟಿತು. ಇನ್ನೊಂದಕ್ಕೆ ಬಟ್ಟೆಯಿಲ್ಲ. ಉಗುರಿನಿಂದ ಕೆರೆಯುತ್ತಿದ್ದ ನನ್ನ ಕೈ ಹಿಡಿದು ಅಕ್ಕ ಮೆಲ್ಲಗೆ ಅಂದಳು: "ಬಿಡೇ. ಮನೆ ಬಿಟ್ಟ ದಿನ ನೀನೂ ತಿರುಗಿ ನೋಡ್ಲಿಲ್ಲ."

ಅಮ್ಮಾ, ಅಂಟಿಸುವುದನ್ನು ಹೇಳಿಕೊಟ್ಟೆಯಲ್ಲ, ಬಿಡಿಸುವುದನ್ನು ಯಾರನ್ನು ಕೇಳಲಿ?